ಹಳೇ ಕಾರ್ ರೇಸ್ ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ?

ಹೋದ ಸಂಚಿಕೇಲಿ ಇಂಗ್ಲೆಂಡಿನ ಗುಡ್‌ವುಡ್ ರಿವೈವಲ್ ಅನ್ನೋ ಹಳೇ ಕಾರುಗಳ ರೇಸ್ ಬಗ್ಗೆ ನಾಲ್ಕು ಸಾಲು ಹಾಕಿದ್ವಿ. ಅದಕ್ಕೆ ಇಷ್ಟೊಂದು ಪತ್ರ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಅದ್ರಲ್ಲೂ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವೇ ಜಾಸ್ತಿ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದೀನಿ. ಕೆಲವರು ಮನೇಲಿ ಇನ್ನೂ ಹೇಳಿಲ್ಲ, ಹೆಸರು ಹಾಕ್ಬೇಡಿ ಅಂದಿದ್ರಿಂದ ಎಲ್ಲರದ್ದೂ ಊರು ಮಾತ್ರ.

ಪ್ರಶ್ನೆ: ನಾವು ನಾಲ್ಕು ಜನ ಫ್ರೆಂಡ್ಸ್ ಸಾರ್, ಇಬ್ರದ್ದು ಗ್ಯಾರೇಜು, ಒಬ್ಬ ಮೇಷ್ಟ್ರು, ನಂದು ದ್ರಾಕ್ಷಿ ತೋಟ. ಯೂಟ್ಯೂಬಲ್ಲಿ ನೋಡಿ ನೋಡಿ ತಲೆ ಕೆಟ್ಟೋಗಿದೆ, ಒಂದ್ಸಲ ಹೋಗಿ ಬಂದ್ಬಿಡೋಣ ಅಂತ ಚೀಟಿ ಹಾಕಿ ದುಡ್ಡು ಕೂಡಿಡ್ತಾ ಇದೀವಿ. ಗುಡ್‌ವುಡ್‌ನಲ್ಲಿ ಫೆಸ್ಟಿವಲ್ ಆಫ್ ಸ್ಪೀಡ್ ಅಂತ ಒಂದು, ರಿವೈವಲ್ ಅಂತ ಇನ್ನೊಂದು, ಯಾವುದಕ್ಕೆ ಹೋಗೋದು? (ಚಿಕ್ಕಬಳ್ಳಾಪುರ)

ಉತ್ತರ: ರಿವೈವಲ್. ಯೋಚನೆ ಮಾಡೋ ಹಾಗೇ ಇಲ್ಲ.

ಫೆಸ್ಟಿವಲ್ ಆಫ್ ಸ್ಪೀಡ್ 1993ರಲ್ಲಿ ಶುರುವಾಗಿದ್ದು, ಅಲ್ಲಿನ ಬೇಸಿಗೇಲಿ ನಡೆಯತ್ತೆ, ಆ ಜಾಗದ ಒಡೆಯರಾದ ಡ್ಯೂಕ್ ಮನೆ ಮುಂದಿನ ರಸ್ತೇಲಿ ಗುಡ್ಡ ಹತ್ತೋ ಸ್ಪರ್ಧೆ. ಇರೋದೇ 1.16 ಮೈಲಿ, ಒಂದೊಂದೇ ಕಾರು ಹೋಗತ್ತೆ, ಹೊಸ ಸೂಪರ್‌ಕಾರು, ಕಂಪನಿಗಳ ಸ್ಟಾಲು ಎಲ್ಲಾ ಇರತ್ತೆ. ಚೆನ್ನಾಗಿಲ್ಲ ಅಂತಲ್ಲ, ಆದ್ರೆ ಅದು ಜಾತ್ರೆ. ರಿವೈವಲ್ ಸೆಪ್ಟೆಂಬರಲ್ಲಿ ಬರೋದು, ಶುಕ್ರವಾರದಿಂದ ಭಾನುವಾರದ ತನಕ ಮೂರು ದಿನ, ಇದು ನಿಜವಾದ ಸರ್ಕ್ಯೂಟಲ್ಲಿ ಚಕ್ರಕ್ಕೆ ಚಕ್ರ ತಾಗೋ ಅಷ್ಟು ಹತ್ರದಲ್ಲಿ ನಡೆಯೋ ನಿಜವಾದ ರೇಸು. ಹಳೇ ಕಾರು ಅಂದ್ರೆ ಹಗ್ಗ ಕಟ್ಟಿ ದೂರದಿಂದ ತೋರಿಸ್ತಾರೆ ಅನ್ಕೊಂಡೋರು ಮೊದಲನೇ ಲ್ಯಾಪಲ್ಲೇ ಬೆಚ್ಚಿಬೀಳ್ತಾರೆ. ಬರೀ 36 ಮಾತ್ರ ತಯಾರಾದ ಫೆರಾರಿ 250 ಜಿಟಿಒ, ಕೋಟಿಗಟ್ಟಲೆ ಬೆಲೆ ಬಾಳೋದು, ಅಂಥದ್ದನ್ನೂ ಹುಲ್ಲಿಗೆ ಇಳಿಯೋ ತನಕ ಓಡಿಸಿದ್ದಾರೆ.

ಆ ಜಾಗದ ಕಥೆ ಗೊತ್ತಿದ್ರೆ ನೋಡೋ ಮಜಾನೇ ಬೇರೆ. ಅದು ಎರಡನೇ ಮಹಾಯುದ್ಧದ ಟೈಮಲ್ಲಿ ವೆಸ್ಟ್‌ಹ್ಯಾಂಪ್‌ನೆಟ್ ಅನ್ನೋ ವಿಮಾನ ನೆಲೆ, ಮೈದಾನದ ಸುತ್ತ ಹಾಕಿದ್ದ ರಸ್ತೇನೇ ಆಮೇಲೆ ಟ್ರ್ಯಾಕ್ ಆಯ್ತು. 1948ರ ಸೆಪ್ಟೆಂಬರ್ 18ಕ್ಕೆ ಮೊದಲ ರೇಸು. 2.4 ಮೈಲಿ ಉದ್ದ, ಹತ್ರ ಹತ್ರ 3.8 ಕಿಲೋಮೀಟರು. 1965ರಲ್ಲಿ ಫಾರ್ಮುಲಾ ಒನ್ ಡ್ರೈವರ್‌ಗಳಾದ ಜಿಮ್ ಕ್ಲಾರ್ಕ್, ಜಾಕಿ ಸ್ಟುವರ್ಟ್ ಇಬ್ರೂ ಒಂದೇ ರೇಸಲ್ಲಿ ಒಂದು ಸುತ್ತಿಗೆ ಒಂದೇ ಟೈಮು ಹೊಡೆದ್ರು, 1 ನಿಮಿಷ 20.4 ಸೆಕೆಂಡು, ಅಂದ್ರೆ ಗಂಟೆಗೆ 170 ಕಿಲೋಮೀಟರ್ ಮೇಲೆ ಸರಾಸರಿ, ಅದೂ ಸೀಟ್ ಬೆಲ್ಟ್ ಕೂಡ ಇಲ್ಲದ ಕಾಲದಲ್ಲಿ. ಕಾರುಗಳ ಸ್ಪೀಡು ಕೈ ಮೀರ್ತಾ ಇದೆ ಅಂತ 1966ರಲ್ಲಿ ಡ್ಯೂಕು ರೇಸನ್ನೇ ನಿಲ್ಲಿಸಿಬಿಟ್ರು. ಅವರ ಮೊಮ್ಮಗ ಸರಿಯಾಗಿ 50 ವರ್ಷಕ್ಕೆ, 1998ರ ಸೆಪ್ಟೆಂಬರ್ 18ಕ್ಕೆ ಅದೇ ಟ್ರ್ಯಾಕನ್ನ ಮತ್ತೆ ತೆಗೆದ್ರು. ಅದಕ್ಕೇ ಇಲ್ಲಿ 1948ರಿಂದ 1966ರ ಒಳಗಿನ ಕಾಲಕ್ಕೆ ಸೇರಿದ ಕಾರುಗಳೇ ರೇಸಲ್ಲಿ ಮುಖ್ಯ, ಬೋರ್ಡು, ಪೆಟ್ರೋಲ್ ಬಂಕು, ಮೆಕ್ಯಾನಿಕ್‌ಗಳ ಓವರಾಲು ಎಲ್ಲಾ ಆ ಕಾಲದ್ದೇ.

ನಿಂತ್ಕೊಳ್ಳೋಕೆ ಸೇಂಟ್ ಮೇರೀಸ್ ತಿರುವು ಬಿಡ್ಬೇಡಿ. 1962ರ ಏಪ್ರಿಲ್ 23ಕ್ಕೆ ಇಂಗ್ಲೆಂಡಿನ ಹೆಸರಾಂತ ಡ್ರೈವರ್ ಸ್ಟರ್ಲಿಂಗ್ ಮಾಸ್ ಅಲ್ಲೇ ಮಣ್ಣಿನ ದಿಬ್ಬಕ್ಕೆ ಗುದ್ದಿ ಒಂದು ತಿಂಗಳು ಪ್ರಜ್ಞೆ ಇಲ್ಲದೆ ಮಲಗಿದ್ದು, ಅವರ ದೊಡ್ಡ ರೇಸುಗಳ ಬಾಳು ಅಲ್ಲಿಗೆ ಮುಗೀತು. ಇಳಿಜಾರಲ್ಲಿ ಬಲಕ್ಕೆ ತಿರುಗಿದ ಕಾರು ತಕ್ಷಣ ಎಡಕ್ಕೆ ವಾಲಬೇಕು, ಟೈರು ಸಣ್ಣದು, ನಿಮ್ಮ ಗ್ಯಾರೇಜ್ ಸ್ನೇಹಿತರಿಗೆ ಹೇಳ್ಬೇಕಾಗೇ ಇಲ್ಲ, ಸ್ಟೀರಿಂಗ್ ಮೇಲೆ ಡ್ರೈವರ್ ಕೈ ಒಂದು ಕ್ಷಣ ಸುಮ್ನಿರಲ್ಲ. ಸಲೂನ್ ಕಾರುಗಳ ಸೇಂಟ್ ಮೇರೀಸ್ ಟ್ರೋಫಿ ಇದ್ಯಲ್ಲ, ಅದರಲ್ಲಿ ಏಳು ಲೀಟರಿನ ಫೋರ್ಡ್ ಗ್ಯಾಲಕ್ಸಿ ಹಿಂದೆ ಒಂದು ಚಿಕ್ಕ ಮಿನಿ ಕಾರು, ಎಮ್ಮೆ ಹಿಂದೆ ಬಿದ್ದ ನಾಯಿಮರಿ ಥರ ಅಂಟ್ಕೊಂಡಿರತ್ತೆ, ನೇರ ರಸ್ತೇಲಿ ಗ್ಯಾಲಕ್ಸಿ ಕಿತ್ಕೊಂಡು ಹೋದ್ರೆ ತಿರುವಲ್ಲಿ ಮಿನಿ ಒಳಗಡೆ ಹಿಂದಿನ ಚಕ್ರ ಎತ್ತಿಕೊಂಡೇ ನುಗ್ಗತ್ತೆ. ಅದನ್ನ ನೋಡಿದ ಮೇಲೆ ಈಗಿನ ಫಾರ್ಮುಲಾ ಒನ್ ಸಪ್ಪೆ ಅನ್ಸತ್ತೆ, ಬೈಯೋರು ಬೈಕೊಳ್ಳಿ.

ಪ್ರಶ್ನೆ: ನರಸಾಪುರದ ಫ್ಯಾಕ್ಟರೀಲಿ ಶಿಫ್ಟ್ ಕೆಲಸ, ರಜಾ ಮೊದಲೇ ಹೇಳ್ಬೇಕು. ವೀಸಾ ಮೊದಲು ಮಾಡ್ಸೋದಾ, ಟಿಕೆಟ್ ಮೊದಲಾ? ಜೊತೆಗೆ ಬರೋ ಭಾವಮೈದುನ ಟೊಮೆಟೊ ಬೆಳೆಗಾರ, ಅವನಿಗೆ ಸ್ಯಾಲರಿ ಸ್ಲಿಪ್ ಎಲ್ಲಿಂದ ಬರಬೇಕು? (ಕೋಲಾರ)

ಉತ್ತರ: ಮೊದಲು ರೇಸ್ ಟಿಕೆಟು, ಅದರ ಜೊತೆಜೊತೆಗೇ ರೂಮು, ಆಮೇಲೆ ವೀಸಾ, ವಿಮಾನದ ಟಿಕೆಟ್ ಕೊನೇಲಿ. ರಿವೈವಲ್ ಟಿಕೆಟ್ ಅಲ್ಲಿ ಹೋಗಿ ಗೇಟಲ್ಲಿ ತಗೊಳ್ತೀನಿ ಅಂದ್ರೆ ಆಗಲ್ಲ, ಮುಂಚೇನೇ ಬುಕ್ ಮಾಡ್ಬೇಕು. ರೂಮಿನ ಕಥೆ ಇನ್ನೂ ಕಷ್ಟ, ಪಕ್ಕದ ಊರು ಚಿಚೆಸ್ಟರ್ ಸಣ್ಣದು, ಆ ವಾರ ಅಲ್ಲಿನ ರೇಟು ಕೇಳಿದ್ರೆ ಎದೆ ಧಸಕ್ ಅನ್ನತ್ತೆ. ಪೋರ್ಟ್ಸ್‌ಮತ್ ಅಥವಾ ಬ್ರೈಟನ್ ಕಡೆ ಉಳ್ಕೊಂಡು ದಿನಾ ಟ್ರೈನಲ್ಲಿ ಚಿಚೆಸ್ಟರ್‌ಗೆ ಬನ್ನಿ, ಒಂದೇ ಕರಾವಳಿ ಲೈನು. ಕ್ಯಾನ್ಸಲ್ ಮಾಡೋ ಹಾಗಿರೋ ರೂಮನ್ನೇ ಹಿಡೀರಿ, ನೂರಿನ್ನೂರು ಜಾಸ್ತಿ ಆದ್ರೂ ಪರವಾಗಿಲ್ಲ, ವೀಸಾ ಕೈಗೆ ಬರೋ ತನಕ ಯಾವುದೂ ಗ್ಯಾರಂಟಿ ಇಲ್ಲ.

ವೀಸಾ ಹೆಸರು ಸ್ಟ್ಯಾಂಡರ್ಡ್ ವಿಸಿಟರ್. ಹೊರಡೋ ದಿನಕ್ಕೆ 3 ತಿಂಗಳು ಮುಂಚೆಯಿಂದ ಅರ್ಜಿ ಹಾಕ್ಬೋದು, ಅದಕ್ಕಿಂತ ಮೊದಲು ಆಗಲ್ಲ. ಸಾಮಾನ್ಯವಾಗಿ 3 ವಾರದಲ್ಲಿ ಉತ್ತರ ಬರತ್ತೆ, ಆದ್ರೆ ಬೇಸಿಗೆ ರಜಾ, ಕಾಲೇಜು ಅಡ್ಮಿಷನ್ ಟೈಮಲ್ಲಿ ಅದನ್ನ ನಂಬ್ಕೊಂಡು ಕೂರ್ಬೇಡಿ, ಜೂನ್ ಕೊನೇಲೇ ಹಾಕಿ. ಆನ್‌ಲೈನ್ ಫಾರಂ ತುಂಬಿ ಬೆಂಗಳೂರಿನ ಸೆಂಟರಲ್ಲಿ ಬೆರಳಚ್ಚು, ಫೋಟೋ ಕೊಡ್ಬೇಕು.

ಭಾವಮೈದುನನ ವಿಷ್ಯ. ಸ್ಯಾಲರಿ ಸ್ಲಿಪ್ ಇಲ್ದೇ ಇರೋದು ತಪ್ಪಲ್ಲ, ದುಡ್ಡು ಎಲ್ಲಿಂದ ಬಂತು ಅಂತ ತೋರಿಸೋಕೆ ಆಗದೇ ಇರೋದು ತಪ್ಪಾಗತ್ತೆ. ಪಹಣಿ, ಮಂಡಿಯವರು ಕೊಟ್ಟ ಪಟ್ಟಿಗಳು, ಆ ದುಡ್ಡು ಬ್ಯಾಂಕಿಗೆ ಬಿದ್ದಿರೋ ಸ್ಟೇಟ್‌ಮೆಂಟು, ಇವು ಮೂರೂ ಒಂದಕ್ಕೊಂದು ತಾಳೆ ಆಗ್ಬೇಕು. ಕನ್ನಡದಲ್ಲಿರೋ ಕಾಗದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ ಇಡಿ. ಎಲ್ಲರೂ ಎಡವೋದು ಎಲ್ಲಿ ಅಂದ್ರೆ, ಅರ್ಜಿ ಹಾಕೋ ಹಿಂದಿನ ವಾರ ಅಣ್ಣನ ಹತ್ರ, ಮಾವನ ಹತ್ರ ಇಸ್ಕೊಂಡು ನಾಲ್ಕೈದು ಲಕ್ಷ ಒಂದೇ ಸಲ ಖಾತೆಗೆ ತುಂಬ್ತಾರೆ. ನೋಡೋರಿಗೆ ಅದೇ ಮೊದಲು ಕಣ್ಣಿಗೆ ಬೀಳೋದು.

ಪ್ರಶ್ನೆ: ಅಲ್ಲಿ ಎಲ್ರೂ ಹಳೇ ಕಾಲದ ಬಟ್ಟೆ ಹಾಕ್ಬೇಕಂತೆ, ಹೌದಾ? ನಾನು ಕೋಟು ಟೈ ಹಾಕಿದ್ದು ನನ್ನ ಮದುವೆ ರಿಸೆಪ್ಷನ್‌ಗೆ ಮಾತ್ರ. ಹಳೇದು ಅಂತ ನಮ್ಮೂರ ಎಚ್‌ಎಂಟಿ ವಾಚ್ ಒಂದಿದೆ, ನಡಿಯತ್ತಾ? (ತುಮಕೂರು)

ಉತ್ತರ: ಸುಮ್ನೆ ನಿಂತು ನೋಡೋರಿಗೆ ಕಡ್ಡಾಯ ಏನಲ್ಲ, ಆದ್ರೆ ಪ್ಯಾಡಕ್ ಒಳಗೆ, ಅಂದ್ರೆ ಕಾರುಗಳನ್ನ ರಿಪೇರಿ ಮಾಡೋ ಜಾಗಕ್ಕೆ ಹೋಗೋರಿಗೆ ಕಟ್ಟುನಿಟ್ಟು, ಗಂಡಸ್ರು ಕೋಟು ಟೈ ಹಾಕಿರ್ಬೇಕು. ಪ್ಯಾಡಕ್ ನೋಡದೆ ಬಂದ್ರೆ ಅರ್ಧ ನೋಡ್ದಂಗೆ. ಬಾನೆಟ್ ತೆಗೆದಿಟ್ಟು ಕಾರ್ಬುರೇಟರ್ ಟ್ಯೂನ್ ಮಾಡ್ತಿರೋ ಮೆಕ್ಯಾನಿಕ್ ಪಕ್ಕದಲ್ಲೇ ನಿಂತು ನೋಡ್ಬೋದು. ಹಳೇ ರೇಸಿಂಗ್ ಎಂಜಿನ್‌ಗಳಿಗೆ ಹರಳೆಣ್ಣೆಯಿಂದ ಮಾಡಿದ ಆಯಿಲ್ ಹಾಕೋ ಪದ್ಧತಿ ಇತ್ತು, ಈಗಲೂ ಕೆಲವರು ಹಾಕ್ತಾರೆ, ಆ ಹೊಗೆ ಮೂಗಿಗೆ ಬಡಿದ ತಕ್ಷಣ ಅಜ್ಜಿ ಮನೆ ನೆನಪಾಗ್ಲಿಲ್ಲ ಅಂದ್ರೆ ಕೇಳಿ.

ಬಟ್ಟೆಗೆ ಅಂತ ಹೊಸದಾಗಿ ಖರ್ಚು ಮಾಡ್ಬೇಡಿ. ರಿಸೆಪ್ಷನ್ ಕೋಟಿನ ಬಣ್ಣ ಮಿರಮಿರ ಮಿಂಚದೆ ಇದ್ರೆ ಅದೇ ಸಾಕು, ಒಂದು ಸಣ್ಣ ಟೈ, ಪಾಲಿಶ್ ಮಾಡಿದ ಕಪ್ಪು ಶೂ. ನನ್ನ ಕೇಳಿದ್ರೆ ಪ್ಯಾಡಕ್ ಒಳಗೆ ಹೋಗದ ದಿನ ಕಚ್ಚೆ ಪಂಚೆ, ಮೇಲೊಂದು ಕ್ಲೋಸ್ ಕಾಲರ್ ಕೋಟು, ತಲೆಗೆ ಮೈಸೂರು ಪೇಟ ಹಾಕ್ಕೊಂಡು ಹೋಗಿ ಅಂತೀನಿ. 1950ರಲ್ಲಿ ನಮ್ಮ ಕಡೆ ದೊಡ್ಡ ಮನುಷ್ಯರು ಹಾಕ್ತಿದ್ದಿದ್ದೇ ಅದು, ಕಾಲಕ್ಕೂ ಸರಿ, ನಾವು ಬೇರೆಯವರ ತಾತನ ವೇಷ ಹಾಕೋದೂ ತಪ್ಪತ್ತೆ. ಹೆಂಗಸ್ರಿಗಂತೂ ಸೀರೆ ಇದ್ದೇ ಇದೆ, ಸ್ವಲ್ಪ ಮೇಲೆ ಉಡಿ ಅಷ್ಟೇ, ಹುಲ್ಲು ಒದ್ದೆ ಇರತ್ತೆ. ಬ್ರ್ಯಾಂಡ್ ಹೆಸರಿನ ಟೀ ಶರ್ಟು, ಹರಿದ ಜೀನ್ಸು ಮಾತ್ರ ಬೇಡ.

ವಾಚು ಕಟ್ಕೊಂಡು ಹೋಗಿ. ತುಮಕೂರು ಫ್ಯಾಕ್ಟರಿ ಶುರುವಾಗಿದ್ದು 1970ರ ದಶಕದ ಕೊನೇಲಿ, ಲೆಕ್ಕಕ್ಕೆ ತಗೊಂಡ್ರೆ 1966 ದಾಟಿಬಿಡತ್ತೆ. ಎಚ್‌ಎಂಟಿ ವಾಚ್ ಮಾಡೋಕೆ ಶುರು ಮಾಡಿದ್ದು 1960ರ ದಶಕದ ಮೊದಲಲ್ಲಿ ಬೆಂಗಳೂರಲ್ಲಿ, ಆ ಕಾಲದ ಜನತಾ ಅನ್ನೋ ಮಾಡೆಲ್ ವಾಚು ಮನೇಲಿ ಯಾರ ಹತ್ರಾನಾದ್ರೂ ಇದ್ರೆ ಅದನ್ನ ಕಟ್ಟಿ. ಇಲ್ದಿದ್ರೆ ನಿಮ್ಮದೇ ಸೈ, ಡಯಲ್ ನೋಡಿ ಇಸವಿ ಕೇಳೋ ಅಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲ್ಲ.

ಪ್ರಶ್ನೆ: ನಮ್ಮಪ್ಪಂದು 1962ನೇ ಇಸ್ವಿ ಅಂಬಾಸಿಡರ್ ಐತೆ, ಕಂಡೀಷನ್ ಬೊಂಬಾಟ್. ಹಡಗಲ್ಲಿ ಹಾಕ್ಕೊಂಡೋಗಿ ಅಲ್ಲಿ ರೇಸಿಗೆ ಬಿಡ್ಬೋದಾ ಅಣ್ಣ? (ಶಿರಾ)

ಉತ್ತರ: ಆಗಲ್ಲ ತಮ್ಮ. ಅಲ್ಲಿ ರೇಸಿಗೆ ಇಳಿಯೋರನ್ನ ಅವರೇ ಆಹ್ವಾನ ಕೊಟ್ಟು ಕರೀತಾರೆ. ಅಂಬಾಸಿಡರ್ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಅದರ ಅಣ್ಣತಮ್ಮಂದಿರು ಅಲ್ಲಿ ಹಳೇ ಕಾರುಗಳ ಪಾರ್ಕಿಂಗಲ್ಲೇ ಸಿಕ್ತಾರೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೊಂಡು ಬಾ. ಅಪ್ಪನ ಗಾಡಿ ಶಿರಾದಲ್ಲೇ ಇರ್ಲಿ.

ಪ್ರಶ್ನೆ: ನಮ್ಮನೆಯವರು ಎರಡು ವರ್ಷದಿಂದ ಇದೇ ಜಪ. ಅಷ್ಟು ದುಡ್ಡು ಸುರಿದು ಹಳೇ ಕಾರು ನೋಡಕ್ಕೆ ಹೋಗ್ಬೇಕಾ? ನಾನೂ ಮಗಳೂ ಹೋಗಿ ಅಲ್ಲಿ ಮೂರು ದಿನ ಏನ್ ಮಾಡೋದು? ನೀವಾದ್ರೂ ಬುದ್ಧಿ ಹೇಳಿ. (ಚಿಂತಾಮಣಿ)

ಉತ್ತರ: ಬುದ್ಧಿ ಹೇಳೋಕೆ ಹೋದ್ರೆ ನಾನು ನಿಮ್ಮನೆಯವರ ಪಾರ್ಟಿ ಅಂತ ಗೊತ್ತಾಗ್ಬಿಡತ್ತೆ ಅಮ್ಮ. ಆದ್ರೂ ನಿಮ್ಮ ಲೆಕ್ಕ ನ್ಯಾಯವಾದದ್ದೇ. ದುಡ್ಡು ಹೋಗೋದು ವಿಮಾನಕ್ಕೆ, ರೂಮಿಗೆ, ರೇಸ್ ಟಿಕೆಟ್ ಇಡೀ ಖರ್ಚಲ್ಲಿ ಚಿಕ್ಕದು. ಹಾಗಿದ್ಮೇಲೆ ಅಷ್ಟು ದೂರ ಹೋಗಿ ಮೂರೂ ದಿನ ಟ್ರ್ಯಾಕ್ ಪಕ್ಕದಲ್ಲೇ ನಿಲ್ಲಿಸೋದು ಅನ್ಯಾಯ. ಅವರಿಗೆ ಎರಡು ದಿನ ಕೊಡಿ. ಶುಕ್ರವಾರ ಹೆಚ್ಚಿನದು ಪ್ರಾಕ್ಟೀಸು, ಜನ ಕಮ್ಮಿ, ಪ್ಯಾಡಕ್ ನೆಮ್ಮದಿಯಾಗಿ ಸುತ್ತಲಿ. ಶನಿವಾರ ನೀವೆಲ್ಲಾ ಒಟ್ಟಿಗೆ ಹೋಗಿ. ಭಾನುವಾರ ಅವರು ನಿಮ್ಮ ಜೊತೆ ಬರ್ಲಿ.

ಮಗಳಿಗೆ ಸೆಟ್ರಿಂಗ್ಟನ್ ಕಪ್ ತೋರಿಸಿ, ಆಸ್ಟಿನ್ ಜೆ40 ಅನ್ನೋ ಪೆಡಲ್ ಕಾರಲ್ಲಿ ಪುಟ್ಟ ಮಕ್ಕಳು ಹಳೇ ಕಾಲದ ಬಟ್ಟೆ ಹಾಕ್ಕೊಂಡು ಅದೇ ದೊಡ್ಡ ಟ್ರ್ಯಾಕಲ್ಲಿ ರೇಸ್ ಮಾಡ್ತಾರೆ. ಗೀರು ಇಲ್ಲ, ಎಂಜಿನ್ ಇಲ್ಲ, ಕಾಲಲ್ಲಿ ತುಳೀಬೇಕು ಅಷ್ಟೇ. ಒಂದು ಮಗು ಅರ್ಧ ದಾರೀಲಿ ಸುಸ್ತಾಗಿ ನಿಂತ್ರೆ ಇಡೀ ಸ್ಟ್ಯಾಂಡು ಕೂಗಿ ಕೂಗಿ ಮುಂದೆ ಕಳಿಸತ್ತೆ. ನಿಮಗೆ ಫಿಶ್‌ಬೋರ್ನಲ್ಲಿ ರೋಮನ್ನರ ಕಾಲದ ಅರಮನೆ ಇದೆ, ನೆಲದ ಮೊಸಾಯಿಕ್ ಚಿತ್ತಾರ ಹಾಗೇ ಉಳ್ಕೊಂಡಿದೆ, ಚಿಚೆಸ್ಟರಿಂದ ಹತ್ರ. ಅರಂಡೆಲ್ ಕೋಟೆ ಟ್ರೈನಲ್ಲೇ ಹೋಗ್ಬೋದು. ಪೋರ್ಟ್ಸ್‌ಮತ್‌ನಲ್ಲಿ ಉಳ್ಕೊಂಡ್ರೆ ಇಂಗ್ಲೆಂಡಿನ ನೌಕಾಪಡೆ ನಾಯಕ ನೆಲ್ಸನ್‌ನ ವಿಕ್ಟರಿ ಹಡಗು ಅಲ್ಲೇ ಇದೆ.

ಒಂದ್ ವಿಷ್ಯ, ಗಣೇಶನ ಹಬ್ಬ, ಪಿತೃಪಕ್ಷ ಎಲ್ಲಾ ಆ ಸುತ್ತಮುತ್ತಲೇ ಬರೋದು. ದಿನ ಗೊತ್ತು ಮಾಡೋ ಮುಂಚೆ ಅತ್ತೆಯವರ ಹತ್ರ ಪಂಚಾಂಗ ತೆಗೆಸಿ.

ಪ್ರಶ್ನೆ: ಗುಡ್‌ವುಡ್ ಬಿಟ್ಟು ಮೊನಾಕೊಗೆ ಹೋದ್ರೆ ಹೇಗೆ? ಅಲ್ಲೂ ಹಳೇ ಕಾರುಗಳ ಗ್ರಾಂಪ್ರಿ ಇದೆಯಂತೆ. (ಮಾಲೂರು)

ಉತ್ತರ: ಇದೆ. 1997ರಲ್ಲಿ ಮೊದಲ ಸಲ ಆಗಿದ್ದು, ಈಗ ಎರಡು ವರ್ಷಕ್ಕೊಮ್ಮೆ ಸರಿಸಂಖ್ಯೆಯ ಇಸವೀಲಿ ಬರತ್ತೆ, ಕೋವಿಡ್‌ನಿಂದ 2020ರದ್ದು ಮಾತ್ರ 2021ಕ್ಕೆ ಹೋಯ್ತು. ಫಾರ್ಮುಲಾ ಒನ್ ನಡೆಯೋ ಅದೇ 3.337 ಕಿಲೋಮೀಟರ್ ಬೀದಿ, ಹಳೇ ಫಾರ್ಮುಲಾ ಒನ್ ಕಾರುಗಳ ಸದ್ದು ಎರಡೂ ಕಡೆ ಕಟ್ಟಡಕ್ಕೆ ಬಡಿದು ವಾಪಸ್ ಬರತ್ತೆ, ಅದೇ ಅದರ ಮಜಾ. ಇದಕ್ಕೆ ಯುರೋಪಿನ ಹಲವು ದೇಶಗಳಿಗೆ ನಡೆಯೋ ಶೆಂಗೆನ್ ವೀಸಾ ಬೇಕು, 30,000 ಯೂರೋ ಕವರೇಜಿನ ಇನ್ಶೂರೆನ್ಸ್ ಕಡ್ಡಾಯ. ರೂಮು ಪಕ್ಕದ ಫ್ರಾನ್ಸಿನ ನೀಸ್‌ನಲ್ಲಿ ಮಾಡಿ ಟ್ರೈನಲ್ಲಿ ಹೋಗಿ, ಅರ್ಧ ಗಂಟೆಯೊಳಗಿನ ದಾರಿ. ಆದ್ರೆ ಮೊದಲ ಸಲ ಹೋಗೋರಿಗೆ ನಾನು ಇದನ್ನ ಹೇಳಲ್ಲ. ಮೊನಾಕೊದಲ್ಲಿ ನಿಮ್ಮ ಸೀಟು ಎಲ್ಲೋ ಅಲ್ಲೇ ನೀವು, ಗುಡ್‌ವುಡ್‌ನಲ್ಲಿ ಹುಲ್ಲಿನ ಮೇಲೆ ಕಾಲು ನೋಯೋ ತನಕ ಜಾಗ ಬದಲಾಯಿಸ್ಬೋದು. ಎರಡನ್ನೂ ಒಂದೇ ಟ್ರಿಪ್ಪಲ್ಲಿ ಸೇರಿಸೋಣ ಅನ್ನೋರಿಗೆ, ಒಂದು ಮೇ ತಿಂಗಳ ಸುತ್ತ, ಇನ್ನೊಂದು ಸೆಪ್ಟೆಂಬರು.

ಪ್ರಶ್ನೆ: ವಯಸ್ಸು 70 ದಾಟಿದೆ. ಹುಡುಗರಾಗಿದ್ದಾಗ ಬಂಗಾರಪೇಟೆಯಿಂದ ಟ್ರೈನ್ ಹತ್ತಿ ಮದ್ರಾಸಿಗೆ ಹೋಗಿ ಶೋಲಾವರಂ ರೇಸ್ ನೋಡ್ತಿದ್ವಿ. ಈಗ ಇಂಗ್ಲೆಂಡ್ ಎಲ್ಲಾ ಆಗೋದಿಲ್ಲ. ಹತ್ತಿರದಲ್ಲಿ ಏನಾದ್ರೂ ಇದೆಯಾ? (ಕೆಜಿಎಫ್)

ಉತ್ತರ: ಯಜಮಾನ್ರೇ, ನೀವು ನೋಡಿರೋದೇ ನಮ್ಮ ಗುಡ್‌ವುಡ್ಡು. ಶೋಲಾವರಂ ಕೂಡ ಯುದ್ಧಕಾಲದ ವಿಮಾನದ ಪಟ್ಟಿನೇ, ಯುದ್ಧ ಮುಗಿದ ಮೇಲೆ ಖಾಲಿ ಬಿದ್ದ ರನ್‌ವೇನ ಮದ್ರಾಸಿನ ರೇಸಿಂಗ್ ಹುಚ್ಚರು ಹಿಡ್ಕೊಂಡ್ರು. ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರು ತಂದು ಓಡಿಸಿದ್ದು ಅಲ್ಲೇ, ರೇಸ್ ಕಾರು ಕಟ್ತಿದ್ದ ಕರಿವರ್ಧನ್ ಅವರ ಕಾರುಗಳೂ ಅಲ್ಲಿ ಓಡಿದಾವೆ. ಇಂಗ್ಲೆಂಡಿನೋರು ತಮ್ಮ ಏರ್‌ಫೀಲ್ಡನ್ನ ಬಣ್ಣ ಬಳಿದು ಕಾಪಾಡ್ಕೊಂಡ್ರು, ನಾವು ಬಿಟ್ವಿ. ಇದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ.

ಈಗ ಇರೋದು ಶ್ರೀಪೆರಂಬದೂರು ಹತ್ರ ಇರುಂಗಾಟ್ಟುಕೋಟ್ಟೈನ ಟ್ರ್ಯಾಕು, 1990ರಲ್ಲಿ ಶುರುವಾಗಿದ್ದು, 3.717 ಕಿಲೋಮೀಟರು. ಬೆಂಗಳೂರು ಚೆನ್ನೈ ಹೈವೇಲೇ ಬರತ್ತೆ, ನಿಮ್ಮೂರಿಂದ ಬೆಳಗ್ಗೆ ಬೇಗ ಹೊರಟ್ರೆ ರಾಣಿಪೇಟೆಯಲ್ಲಿ ತಿಂಡಿ ಮುಗಿಸ್ಕೊಂಡು ರೇಸ್ ಹೊತ್ತಿಗೆ ತಲುಪ್ಬೋದು. ನ್ಯಾಷನಲ್ ಚಾಂಪಿಯನ್‌ಶಿಪ್ ರೌಂಡು ಇರೋ ವಾರಾಂತ್ಯ ನೋಡ್ಕೊಂಡು ಹೋಗಿ. ಹಳೇ ಕಾರೇ ಬೇಕು ಅಂದ್ರೆ ಶ್ರೀರಂಗಪಟ್ಟಣದ ಹತ್ರ ಧರ್ಮಸ್ಥಳದವರ ಪಯಣ ಮ್ಯೂಸಿಯಂ ಇದೆ, ಕೊಯಮತ್ತೂರಲ್ಲಿ ಜೀಡಿ ಮ್ಯೂಸಿಯಂ ಇದೆ. ಎರಡರಲ್ಲೂ ಕಾರು ನಿಂತಿರತ್ತೆ, ಓಡಲ್ಲ. ನಿಮ್ಮ ಹತ್ರ ಶೋಲಾವರಂ ಫೋಟೋ, ಹಳೇ ಟಿಕೆಟು ಏನಾದ್ರೂ ಇದ್ರೆ ದಯವಿಟ್ಟು ನಮಗೊಂದು ಕಾಪಿ ಕಳಿಸಿ, ಹಾಕ್ತೀವಿ.

ಪ್ರಶ್ನೆ: ಊಟಕ್ಕೆ ಏನ್ ಮಾಡೋದು? ನಾವು ಮೊಟ್ಟೆನೂ ತಿನ್ನಲ್ಲ. (ಗೌರಿಬಿದನೂರು, ಮಧುಗಿರಿ, ಇನ್ನೂ ಹಲವರು)

ಉತ್ತರ: ಚಟ್ನಿಪುಡಿ, ಹುರಿಹಿಟ್ಟು, ಅವಲಕ್ಕಿ, ಕೋಡುಬಳೆ ತಗೊಂಡು ಹೋಗಿ. ತುಪ್ಪ, ಪೇಡ, ಹಾಲಿನ ಪುಡಿ ಬೇಡ, ನಮ್ಮ ದೇಶದಿಂದ ಹಾಲಿನ ಪದಾರ್ಥ ಅಲ್ಲಿಗೆ ಒಯ್ಯೋ ಹಾಗಿಲ್ಲ, ಏರ್‌ಪೋರ್ಟಲ್ಲೇ ಕಿತ್ಕೊಂಡು ಎಸೀತಾರೆ. ಟ್ರ್ಯಾಕ್ ಪಕ್ಕ ಚಿಪ್ಸು, ಚೀಸ್ ಸ್ಯಾಂಡ್‌ವಿಚ್ ಥರದ್ದು ಸಿಗತ್ತೆ. ಊಟದ್ದಲ್ಲದ ಇನ್ನೊಂದು ಮಾತು, ಕಾರುಗಳ ಸದ್ದಿಗೆ ಕಿವಿಗೆ ಹತ್ತಿ ಸಾಲಲ್ಲ, ಇಯರ್ ಪ್ಲಗ್ ಇಟ್ಕೊಳ್ಳಿ, ಮಗು ಇದ್ರೆ ತಲೆಗೆ ಹಾಕೋ ದೊಡ್ಡದು.