‘ನಾಳೆ’ ಅಂದರೆ ಬೆದರುತ್ತಿದ್ದ ಹುಡುಗಿ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟೆ. ಎಂಟು ವರ್ಷದ ಹುಡುಗಿ ಮುಚ್ಚಳ ತೆಗೆದು ಅದಕ್ಕೇ ನೀರು ಬಗ್ಗಿಸಿಕೊಂಡಳು. ಅಂಚಿನವರೆಗೆ ತುಂಬಿದ ಮುಚ್ಚಳವನ್ನು ಎರಡು ಬೆರಳಲ್ಲಿ ಹಿಡಿದು ಅಪ್ಪನ ಮುಖ ನೋಡಿದಳು. ಅವರು ತಲೆಯಾಡಿಸಿದ ಮೇಲೆಯೇ ಕುಡಿದದ್ದು. ಆ ಕುಟುಂಬ ನೆಲದಡಿಯಿಂದ ಹೊರಗೆ ಬಂದು ಆಗಲೇ ಐದು ತಿಂಗಳಾಗಿತ್ತು.

ಸುಂಟರಗಾಳಿಯ ಮುನ್ನೆಚ್ಚರಿಕೆ ಬಂದಾಗ ಅಪ್ಪ, ಅಮ್ಮ, ಅಜ್ಜಿ, ಮಗಳು ನಾಲ್ವರೂ ನೆಲದಡಿಯ ಆಶ್ರಯಕ್ಕೆ ಇಳಿದಿದ್ದರು. ಮನೆ ಕುಸಿದು ಬಾಗಿಲ ಮೇಲೇ ಬಿತ್ತು. ಫೋನುಗಳು ಬೇಗನೆ ಸತ್ತವು. ಟಾರ್ಚನ್ನು ಎಣಿಸಿ ಎಣಿಸಿ ಹಚ್ಚುತ್ತಿದ್ದರು. ಪ್ರತಿ ನಿದ್ದೆಗೆ ಒಂದರಂತೆ ಅಪ್ಪ ಗೋಡೆಗೆ ಗೀಟು ಎಳೆದರು. ಹೊರಗೆ ಬಂದಾಗ ಏಳು ಗೀಟು. ಕಳೆದಿದ್ದದ್ದು ಒಂಬತ್ತು ದಿನ.

ಅವರು ನನ್ನ ಬಳಿ ಆಪ್ತಸಲಹೆಗೆ ಬಂದದ್ದು ನೀರಿನ ವಿಷಯಕ್ಕಲ್ಲ. ಯಾರಾದರೂ ‘ನಾಳೆ’ ಅಂದರೆ ಸಾಕು, ಮಗು ಕಿವಿ ಮುಚ್ಚಿಕೊಂಡು ಚೀರುತ್ತಿತ್ತು. ಕೆಳಗಿದ್ದಾಗ ಅವಳು ಅತ್ತಾಗಲೆಲ್ಲ ಅಪ್ಪ “ನಾಳೆ ಬರ್ತಾರೆ ಮಗಳೇ” ಅಂದಿದ್ದರು. “ಅಪ್ಪ ದಿನಾನೂ ಸುಳ್ಳು ಹೇಳಿದ, ಎಣಿಸಿದ್ದೂ ಸುಳ್ಳು” ಅಂದಳು ಅವಳು. ಆ ಮನುಷ್ಯ ತಲೆ ತಗ್ಗಿಸಿ ಕೂತರು.

ಈ ಎರಡನ್ನೂ ಬೇರೆ ಮಾಡಲೇಬೇಕಿತ್ತು. ಎಣಿಕೆ ತಪ್ಪಿದ್ದು ಸುಳ್ಳಲ್ಲ. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ಭೂವಿಜ್ಞಾನಿ ಗಡಿಯಾರವಿಲ್ಲದೆ ಎರಡು ತಿಂಗಳು ಗುಹೆಯಲ್ಲಿದ್ದ. ಅವನ ಲೆಕ್ಕಕ್ಕೆ ಆಗಸ್ಟ್ 20 ಆಗಿದ್ದಾಗ ಹೊರಗೆ ಸೆಪ್ಟೆಂಬರ್ 14! ಸೂರ್ಯನನ್ನೇ ಕಾಣದ ದೇಹಕ್ಕೆ ದಿನದ ಅಳತೆ ತಪ್ಪುತ್ತದೆ. ಇದನ್ನು ಮಗುವಿಗೆ ಕತೆಯಂತೆ ಹೇಳಿದೆ. “ಅವನಿಗೆ ಅಷ್ಟೊಂದು ತಪ್ಪಿತಾ?” ಅಂದು ಅಪ್ಪನ ಕಡೆ ತಿರುಗಿದಳು.

‘ನಾಳೆ’ಯ ಮಾತು ಹಾಗಲ್ಲ. ಪ್ರೀತಿಯಿಂದಲೇ ಹೇಳಿದ್ದರೂ ಅದು ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಿದ ಮಾತು. “ನೀವೇ ಅವಳ ಕಣ್ಣಿನ ಮಟ್ಟಕ್ಕೆ ಕೂತು ಒಪ್ಪಿಕೊಳ್ಳಿ. ಸಮಜಾಯಿಷಿ ಕೊಡಬೇಡಿ” ಅಂದೆ. ಅವರಿಗೆ ಕಷ್ಟವಾಯಿತು, ಎರಡು ಭೇಟಿ ಬೇಕಾಯಿತು. ಆಮೇಲೆ ಒಂದು ತಿಂಗಳು ಕೈಲಾಗುವ ಸಣ್ಣ ಮಾತನ್ನಷ್ಟೇ ಕೊಡಿ ಅಂದೆ: ಐದು ಗಂಟೆಗೆ ಬರ್ತೀನಿ ಅಂದರೆ ಐದಕ್ಕೇ ಬರಬೇಕು, ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಅನ್ನಬೇಕು.

ಕೆಳಗಿದ್ದಾಗ ನೀರನ್ನು ಮುಚ್ಚಳದಲ್ಲಿ ಅಳೆದು, ಕೇಳಿಯೇ ಕುಡಿಯಬೇಕೆಂಬ ನಿಯಮವನ್ನೂ ಅಪ್ಪನೇ ತೆಗೆಯಬೇಕಿತ್ತು, ಮಾಡಿದವರು ಅವರೇ ತಾನೆ. ಅಮ್ಮ ಹತ್ತು ಸಲ ‘ಲೋಟದಲ್ಲಿ ಕುಡಿಯೇ’ ಅಂದು ಗದರಿದ್ದರೂ ಪ್ರಯೋಜನವಾಗಿರಲಿಲ್ಲ. ಆ ಅಳತೆಯೇ ನಾಲ್ವರನ್ನೂ ಉಳಿಸಿತ್ತು. ಅದನ್ನು ರೋಗವೆನ್ನಲು ನನಗೆ ಮನಸ್ಸಿಲ್ಲ. “ಮುಚ್ಚಳ ತನ್ನ ಕೆಲಸ ಮುಗಿಸಿತು, ಇನ್ನು ನೀನು ಕೇಳದೆ ಕುಡಿಯಬಹುದು” ಎಂದು ಅವರು ಮೂರು ವಾರ ಹೇಳಿದರು, ಪ್ರತಿ ಸಲವೂ ತಾವು ಮೊದಲು ಲೋಟ ತುಂಬಿಸಿ ಕುಡಿದು.

ಅಮ್ಮ ಹಾಸಿಗೆಯಡಿ ಬಿಸ್ಕತ್ತು ಬಚ್ಚಿಡುತ್ತಿದ್ದರು. ಬಚ್ಚಿಡುವುದು ಬೇಡ, ಎಲ್ಲರಿಗೂ ಕಾಣುವ ಕಪಾಟಿನಲ್ಲಿಡಿ ಅಂದೆ, ಒಪ್ಪಿದರು.

ನೆಂಟರಿಷ್ಟರು ಮಗುವನ್ನು ಕೂರಿಸಿಕೊಂಡು ‘ಏನಾಯ್ತು ಹೇಳು’ ಎಂದು ಕೆದಕುತ್ತಿದ್ದದ್ದನ್ನು ಮಾತ್ರ ಕಟ್ಟುನಿಟ್ಟಾಗಿ ನಿಲ್ಲಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಬಲವಂತದಿಂದ ಹೇಳಿಸಬೇಡಿ ಎನ್ನುತ್ತದೆ. ಅವಳಾಗಿ ಅಜ್ಜಿಗೆ ಹೇಳುತ್ತಿದ್ದಳು, ರಾತ್ರಿ, ತುಂಡು ತುಂಡಾಗಿ. ಅಜ್ಜಿ ಸುಮ್ಮನೆ ಕೇಳುತ್ತಿದ್ದರು. ನನ್ನ ಸಲಹೆ ಅವರಿಗೆ ಬೇಕಿರಲಿಲ್ಲ.

ಏಳನೇ ಭೇಟಿಯಲ್ಲಿ ಮಗು ಕೇಳಿತು: “ಅಪ್ಪಾ, ನಾಳೆ ಮಳೆ ಬರುತ್ತಾ?” ಅವರು “ಗೊತ್ತಿಲ್ಲ ಮಗಳೇ” ಅಂದರು. ಅವಳು ಸರಿ ಅಂತ ಚಿತ್ರ ಬರೆಯುವುದನ್ನು ಮುಂದುವರಿಸಿದಳು. ಆದರೆ ಕೆಟ್ಟ ಕನಸು ನಿಂತಿಲ್ಲ, ಮುಚ್ಚಿದ ಬಾಗಿಲು ಕಂಡರೆ ಈಗಲೂ ಬೆವರುತ್ತಾಳೆ. ತಿಂಗಳುಗಟ್ಟಲೆ ಉಳಿದ ಇಂಥ ಲಕ್ಷಣಕ್ಕೆ ನನ್ನ ಮಾತಷ್ಟೇ ಸಾಲದು. ಮಕ್ಕಳ ಮನೋವೈದ್ಯರ ಬಳಿ ಕಳಿಸಿದ್ದೇನೆ. ಅಪ್ಪನೇ ಕರೆದುಕೊಂಡು ಹೋಗುತ್ತಿದ್ದಾರೆ.