ಒಂದು ಕಂಬದ ನೆರಳು, ಐದು ವರ್ಷ

ಮೇಡಂ, ನಮಸ್ಕಾರ.

ನಿಮ್ಮ ಹಸ್ತಪ್ರತಿ ಬಂದು ಮೂರು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಕ್ಷಮಿಸಿ. ಒಂದು ಸಲ ಓದಿ ಬದಿಗಿಟ್ಟೆ. ಆಮೇಲೆ ಪೆನ್ಸಿಲ್ ಹಿಡಿದು ಇನ್ನೊಂದು ಸಲ ಓದಿದೆ. ಒಂದರಿಂದ ಐದನೇ ತರಗತಿಯವರೆಗೆ ವಿಜ್ಞಾನವನ್ನು ವರ್ಷ ವರ್ಷಕ್ಕೆ ಹೇಗೆ ಕಲಿಸಬೇಕು ಎಂದು 96 ಪುಟಗಳಲ್ಲಿ ಬರೆದಿದ್ದೀರಿ. ಕೋಲಾರದ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ, ಹಾಜರಾತಿ, ಬಿಸಿಯೂಟದ ಲೆಕ್ಕ ಎಲ್ಲ ಮುಗಿಸಿ, ರಾತ್ರಿ ಕೂತು ಬರೆದದ್ದು ಇದು. ಆ ಶ್ರಮ ಪುಟಪುಟದಲ್ಲೂ ಕಾಣುತ್ತದೆ. ಅದಕ್ಕೇ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಈಗ ಇರುವ ಹಾಗೆ ಇದನ್ನು ನಾವು ಪುಸ್ತಕ ಮಾಡಲಾರೆವು. ಆದರೆ ಇದರೊಳಗೆ ಒಂದು ಪುಸ್ತಕ ಖಂಡಿತ ಇದೆ.

ಮೊದಲ 14 ಪುಟ ತೆಗೆದುಬಿಡಿ. ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಕರ್ತವ್ಯ ಎಂದು ಸಂವಿಧಾನದ 51ಎ(ಎಚ್) ವಿಧಿ ಹೇಳುತ್ತದೆ, 1976ರ 42ನೇ ತಿದ್ದುಪಡಿಯಲ್ಲಿ ಅದು ಸೇರಿತು. ನೀವು ಬರೆದದ್ದು ಸರಿಯೇ. ಆದರೆ ನಿಮ್ಮ ಪುಸ್ತಕ ಕೈಗೆತ್ತಿಕೊಳ್ಳುವವರು ನಿಮ್ಮ ಹಾಗೇ ಶಿಕ್ಷಕರು. ವಿಜ್ಞಾನ ಯಾಕೆ ಬೇಕು ಅನ್ನುವುದು ಅವರಿಗೆ ಗೊತ್ತು. ಸೋಮವಾರ ಬೆಳಿಗ್ಗೆ ಏನು ಮಾಡಬೇಕು, ಅದು ಮುಂದಿನ ವರ್ಷಕ್ಕೆ ಹೇಗೆ ಸೇರುತ್ತದೆ ಅಂತ ಅವರು ಹುಡುಕುತ್ತಿದ್ದಾರೆ.

ಈಗ ಮುಖ್ಯವಾದ ದೋಷಕ್ಕೆ ಬರುತ್ತೇನೆ. 15ರಿಂದ 58ನೇ ಪುಟದವರೆಗೆ ಬರೀ ಕೋಷ್ಟಕಗಳು. ಎಡಕ್ಕೆ ತರಗತಿ, ಮಧ್ಯೆ ಘಟಕ, ಬಲಕ್ಕೆ ಕಲಿಕಾ ಫಲ. ಎರಡನೇ ತರಗತಿಯಲ್ಲಿ ‘ಗಿಡದ ಭಾಗಗಳು’ ಇದೆ. ಮೂರರಲ್ಲಿ ‘ಸಸ್ಯದ ಭಾಗಗಳು’. ನಾಲ್ಕರಲ್ಲಿ ‘ಸಸ್ಯದ ಭಾಗಗಳು ಮತ್ತು ಅವುಗಳ ಕಾರ್ಯ’. ಇದನ್ನು ನೀವು ಸುರುಳಿ ಪಠ್ಯಕ್ರಮ ಅಂತ ಕರೆದಿದ್ದೀರಿ. 1960ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಈ ಮಾತು ಮುಂದಿಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ಬೇರೆ. ಅದೇ ವಿಚಾರಕ್ಕೆ ಮಗು ಮತ್ತೆ ಮತ್ತೆ ಬರಬೇಕು, ಪ್ರತಿ ಸಲವೂ ಇನ್ನಷ್ಟು ಆಳಕ್ಕೆ ಇಳಿಯಬೇಕು. ಗಾಣದೆತ್ತು ಕೂಡ ಸುತ್ತುತ್ತದೆ, ಆದರೆ ಸಂಜೆಗೆ ಅದೇ ಜಾಗದಲ್ಲಿ ನಿಂತಿರುತ್ತದೆ. ನಿಮ್ಮ ಕೋಷ್ಟಕದ ಮಗುವಿಗೂ ಹಾಗೇ ಆಗಿದೆ. ಎರಡನೇ ತರಗತಿಯಲ್ಲಿ ಬೇರು, ಕಾಂಡ, ಎಲೆ ಅಂದಿತು. ನಾಲ್ಕನೇ ತರಗತಿಯಲ್ಲೂ ಬೇರು, ಕಾಂಡ, ಎಲೆ ಅನ್ನುತ್ತದೆ, ಜೊತೆಗೆ ಇನ್ನೊಂದು ವಾಕ್ಯ ಬಾಯಿಪಾಠ ಹೇಳುತ್ತದೆ. ಆ ಎರಡು ವರ್ಷದಲ್ಲಿ ಅದಕ್ಕೆ ಹೊಸದಾಗಿ ಏನು ಮಾಡಲು ಬಂತು? ಎಷ್ಟು ಹುಡುಕಿದರೂ ನಿಮ್ಮ ಬರಹದಲ್ಲಿ ಉತ್ತರ ಸಿಗಲಿಲ್ಲ.

61ನೇ ಪುಟದಲ್ಲಿ ಮಾತ್ರ ಸಿಕ್ಕಿತು.

ಅಲ್ಲಿ ಆರೇ ಆರು ಸಾಲು ಬರೆದಿದ್ದೀರಿ. ಸೆಪ್ಟೆಂಬರಿನಲ್ಲಿ ಮೂರನೇ ತರಗತಿಯ ಮಕ್ಕಳು ಶಾಲೆಯ ಧ್ವಜಸ್ತಂಭದ ನೆರಳಿನ ತುದಿಗೆ ಗಂಟೆಗೊಂದು ಕಲ್ಲು ಇಟ್ಟರು. ದಸರಾ ರಜೆ ಮುಗಿಸಿ ಬಂದು ನೋಡಿದರೆ, ಮಧ್ಯಾಹ್ನದ ನೆರಳು ಕಲ್ಲನ್ನು ದಾಟಿ ಆಚೆ ಹೋಗಿತ್ತು. ‘ಕಂಬ ವಾಲಿರಬೇಕು ಮಿಸ್’ ಅಂದ ಒಬ್ಬ ಹುಡುಗ. ಉಳಿದವರು ದಾರಕ್ಕೆ ಕಲ್ಲು ಕಟ್ಟಿ, ಗಾರೆ ಕೆಲಸದವರ ಹಾಗೆ ಇಳಿಬಿಟ್ಟು ನೋಡಿದರು. ಕಂಬ ನೆಟ್ಟಗಿತ್ತು. ಅಷ್ಟಕ್ಕೆ ನಿಲ್ಲಿಸಿ ನೀವು ‘ನೆರಳಿನ ಉಪಯೋಗಗಳು’ ಅನ್ನುವ ಉಪಶೀರ್ಷಿಕೆಗೆ ಹೋಗಿಬಿಟ್ಟಿರಿ!

ಮೇಡಂ, ಆ ಹುಡುಗನ ಹತ್ತಿರ ಒಂದು ಊಹೆ ಇತ್ತು. ಉಳಿದವರು ಅದನ್ನು ಪರೀಕ್ಷೆ ಮಾಡಿದರು. ಊಹೆ ಬಿದ್ದುಹೋಯಿತು, ಪ್ರಶ್ನೆ ಉಳಿಯಿತು. 14 ಪುಟದ ಮುನ್ನುಡಿ ಹೇಳಲಾಗದ್ದನ್ನು ಈ ಆರು ಸಾಲು ಹೇಳುತ್ತವೆ. ಈ ಒಂದು ನೆರಳನ್ನೇ ಹಿಡಿದುಕೊಂಡು ಐದು ವರ್ಷ ನಡೆದರೆ ಹೇಗಿರುತ್ತದೆ ಅಂತ ಯೋಚಿಸಿ ನೋಡಿ.

ಒಂದನೇ ತರಗತಿಯಲ್ಲಿ ನೆರಳಿನ ಆಟ ಸಾಕು. ನೆರಳು ತುಳಿಯುವ ಆಟ, ಕೈಯಲ್ಲಿ ನಾಯಿ, ಹಕ್ಕಿ ಮಾಡುವ ಆಟ. ಎರಡರಲ್ಲಿ ಪ್ರಾರ್ಥನೆಯ ಹೊತ್ತಿನ ನೆರಳು, ಊಟದ ಹೊತ್ತಿನ ನೆರಳು ಎರಡನ್ನೂ ದಾರದಲ್ಲಿ ಅಳೆದು ಪಕ್ಕಪಕ್ಕ ಇಡುವುದು. ಮೂರರಲ್ಲಿ ನೀವು ಮಾಡಿಸಿದ್ದು: ಇಡೀ ದಿನದ ನೆರಳು. ನಾಲ್ಕರಲ್ಲಿ ಇಡೀ ವರ್ಷ. ಒಂದು ಮೀಟರ್ ಕೋಲು ನೆಟ್ಟು, ತಿಂಗಳಿಗೆರಡು ಸಲ, ಗಡಿಯಾರದಲ್ಲಿ 12.20ರ ಹೊತ್ತಿಗೆ ಅಳೆದು ಬರೆದಿಡಬೇಕು. ನಿಮ್ಮ ಕಡೆ ಸೂರ್ಯ ನಡುನೆತ್ತಿಯ ರೇಖೆ ದಾಟುವುದು ಸರಿಸುಮಾರು ಆಗ, ಹನ್ನೆರಡಕ್ಕಲ್ಲ. ಇದನ್ನು ಪುಸ್ತಕದಲ್ಲಿ ಹೇಳಲೇಬೇಕು. ಇಲ್ಲದಿದ್ದರೆ ಶಿಕ್ಷಕರು ಹನ್ನೆರಡಕ್ಕೆ ಅಳೆದು ಗೊಂದಲಕ್ಕೆ ಬೀಳುತ್ತಾರೆ.

ಮಕ್ಕಳಿಗೆ ಏನು ಸಿಗುತ್ತದೆ ಗೊತ್ತಾ? ಜೂನ್ 21ರ ಹೊತ್ತಿಗೆ ಮೋಡ ಬಿಟ್ಟುಕೊಟ್ಟರೆ, ಸುಮಾರು 18 ಸೆಂಟಿಮೀಟರಿನ ನೆರಳು ದಕ್ಷಿಣಕ್ಕೆ ಬಿದ್ದಿರುತ್ತದೆ. ಆಗಸ್ಟ್ 18ರ ಆಸುಪಾಸಿನಲ್ಲಿ ನೆರಳೇ ಇರುವುದಿಲ್ಲ, ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಶೂನ್ಯ ನೆರಳಿನ ದಿನ ವರ್ಷಕ್ಕೆ ಎರಡು ಸಲ ಬರುತ್ತದೆ. ಏಪ್ರಿಲ್ ಕೊನೆಯದ್ದು ಬೇಸಿಗೆ ರಜೆಗೆ ಹೋಗುತ್ತದೆ. ಆಗಸ್ಟಿನದ್ದು ಶಾಲೆ ನಡೆಯುವಾಗಲೇ ಬರುತ್ತದೆ, ನೀವು ಅದನ್ನು ಯೋಜನೆಯಲ್ಲಿ ಹಿಡಿದೇ ಇಲ್ಲ. ರಾಜ್ಯದ ಉತ್ತರಕ್ಕೆ ಹೋದಷ್ಟೂ ಅದು ಬೇಗ ಬರುತ್ತದೆ, ಬೀದರಿನಲ್ಲಿ ಆಗಸ್ಟ್ ಶುರುವಿನಲ್ಲೇ ಮುಗಿದಿರುತ್ತದೆ. ಅಲ್ಲಿಂದ ಆಚೆ ನೆರಳು ಉತ್ತರಕ್ಕೆ ಹೊರಳಿ ಉದ್ದವಾಗುತ್ತಾ ಹೋಗುತ್ತದೆ. ಡಿಸೆಂಬರ್ 21ರ ಹೊತ್ತಿಗೆ ಸುಮಾರು 74 ಸೆಂಟಿಮೀಟರ್.

ಸಂಕ್ರಾಂತಿಯ ದಿನ ಅಳೆದರೆ ಅದು 68ಕ್ಕೆ ಇಳಿದಿರುತ್ತದೆ. ಇಲ್ಲಿ ಯಾವುದಾದರೂ ಹುಡುಗಿ ಕೇಳಿಯೇ ಕೇಳುತ್ತಾಳೆ: ‘ಸಂಕ್ರಾಂತಿಗೆ ಸೂರ್ಯ ಉತ್ತರಕ್ಕೆ ತಿರುಗ್ತಾನೆ ಅಂತ ಅಜ್ಜಿ ಹೇಳ್ತಾರೆ. ನಮ್ಮ ಕೋಲು ನೋಡಿದರೆ ಡಿಸೆಂಬರಿನಲ್ಲೇ ತಿರುಗಿದಾನಲ್ಲ?’ ಅವಳ ಕೋಲು ಸರಿ. ಸಂಕ್ರಾಂತಿಯ ಲೆಕ್ಕ ನಕ್ಷತ್ರಗಳ ನಡುವೆ ಸೂರ್ಯ ಮಕರ ರಾಶಿಗೆ ಬರುವುದನ್ನು ಹಿಡಿದದ್ದು. ಭೂಮಿಯ ಅಕ್ಷ ಬುಗುರಿಯ ಹಾಗೆ ಬಹಳ ನಿಧಾನಕ್ಕೆ ಓಲಾಡುವುದರಿಂದ ಎರಡೂ ದಿನ ಶತಮಾನಗಳಲ್ಲಿ ದೂರವಾಗಿವೆ. ಅಷ್ಟೆಲ್ಲ ವಿವರಣೆ ನಾಲ್ಕನೇ ತರಗತಿಗೆ ಬೇಡ. ‘ನೀನು ಅಳೆದದ್ದು ಸರಿ, ಅಜ್ಜಿಯ ಲೆಕ್ಕ ಬೇರೆ, ಕಾರಣ ಮುಂದೆ ಕಲೀತೀಯ’ ಅಂದರೆ ಸಾಕು. ಅಜ್ಜಿಯನ್ನು ದಡ್ಡಿ ಮಾಡಬೇಕಾಗಿಯೂ ಇಲ್ಲ.

ಐದನೇ ತರಗತಿಗೆ ನೀವು ‘ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ’ ಅಂತ ಕಲಿಕಾ ಫಲ ಬರೆದಿದ್ದೀರಿ. ಅವಸರ ಮಾಡಬೇಡಿ. ಹಿಂದಿನ ವರ್ಷದ ಅಳತೆಗಳನ್ನು ಚೌಕುಳಿ ಹಾಳೆಯಲ್ಲಿ ನಕ್ಷೆ ಮಾಡಲಿ. ಆಮೇಲೆ ಒಂದು ಚೆಂಡಿಗೆ ಬೆಂಕಿಕಡ್ಡಿ ಚುಚ್ಚಿ, ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು, ಆ ಕಡ್ಡಿಯ ನೆರಳನ್ನು ಉದ್ದ, ಗಿಡ್ಡ ಮಾಡಲು ಎಷ್ಟು ದಾರಿ ಇವೆ ಅಂತ ಮಕ್ಕಳೇ ಹುಡುಕಲಿ. ಯಾವ ವರ್ಷ ಏನು ಹೊಸದಾಗಿ ಬಂತು ಅಂತ ಇಲ್ಲಿ ಯಾರೂ ಕೇಳಬೇಕಾಗಿಲ್ಲ. ಆಟ, ಹೋಲಿಕೆ, ಗುರುತು, ಅಳತೆಯ ದಾಖಲೆ, ಕೊನೆಗೆ ಕಾರಣದ ಹುಡುಕಾಟ. ಸೂರ್ಯನನ್ನು ನೇರವಾಗಿ ನೋಡಬಾರದು ಅನ್ನುವ ಎಚ್ಚರಿಕೆ ಮಾತ್ರ ಐದೂ ವರ್ಷ ಹೇಳಬೇಕು.

ಗಿಡದ ಕೋಷ್ಟಕವನ್ನೂ ಹೀಗೇ ಒಡೆದು ಕಟ್ಟಿ. ಅದಕ್ಕೆ ಮೊದಲು ಇನ್ನೊಂದು ಮಾತು. ನಿಮ್ಮ ಬರಹದಲ್ಲಿ ಮಕ್ಕಳು ಮಾತಾಡುವುದು ತುಂಬಾ ಕಡಿಮೆ. ಗಿಡ ಮಣ್ಣು ತಿಂದು ದಪ್ಪ ಆಗುತ್ತದೆ ಅಂತ ಮಕ್ಕಳು ನಂಬುತ್ತಾರೆ. ನೀರಿಗೆ ಹಾಕಿದ ಸಕ್ಕರೆ ಇಲ್ಲವಾಯಿತು ಅನ್ನುತ್ತಾರೆ. ಬ್ರಿಟನ್ನಿನ ಶಿಕ್ಷಣ ಸಂಶೋಧಕಿ ರೋಸಲಿಂಡ್ ಡ್ರೈವರ್ ಅವರಂಥವರು ಇಂಥ ನಂಬಿಕೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಪಾಠ ಮುಗಿದ ಮೇಲೂ ಅವು ಸುಮ್ನೆ ಹೋಗುವುದಿಲ್ಲ. ‘ಸಕ್ಕರೆ ನೀರಿನಲ್ಲಿ ಕರಗುತ್ತದೆ’ ಅಂತ ಬರೆಸಿದರೆ ಮಗು ಬರೆಯುತ್ತದೆ, ಮನಸ್ಸಿನಲ್ಲಿ ಅದು ಮಾಯವಾಗಿಯೇ ಇರುತ್ತದೆ. ಒಂದು ತಕ್ಕಡಿ ತನ್ನಿ. ಒಂದು ಕಡೆ ನೀರಿನ ಲೋಟ, ಅದರ ಪಕ್ಕದಲ್ಲೇ ಸಕ್ಕರೆಯ ಪೊಟ್ಟಣ. ಇನ್ನೊಂದು ಕಡೆ ಸರಿತೂಕದ ಕಲ್ಲುಗಳು. ಸಕ್ಕರೆಯನ್ನು ನೀರಿಗೆ ಸುರಿದು, ಖಾಲಿ ಕಾಗದವನ್ನು ಅಲ್ಲೇ ಇಟ್ಟು, ಮುಳ್ಳು ಅಲ್ಲಾಡುತ್ತದಾ ನೋಡಲಿ. ಮೊದಲೇ ಊಹೆ ಬರೆಸಿಕೊಂಡಿರಬೇಕು. ಪ್ರತಿ ಘಟಕದ ಶುರುವಿನಲ್ಲಿ ನಿಮ್ಮ ಮಕ್ಕಳು ನಿಜವಾಗಿ ಏನು ಹೇಳಿದರು ಅನ್ನುವುದನ್ನು ಅವರ ಮಾತಿನಲ್ಲೇ ಬರೆಯಿರಿ. ಅದು ನಿಮ್ಮ ಹತ್ತಿರ ಮಾತ್ರ ಇರುವ ಸಾಮಗ್ರಿ.

ಚಿಟ್ಟೆಯ ಜೀವನಚಕ್ರವನ್ನು ಫೆಬ್ರವರಿಗೆ ಹಾಕಿದ್ದೀರಿ. ಯಾಕೆ? ಪಠ್ಯದಲ್ಲಿ ಆ ಪಾಠ ಕೊನೆಗೆ ಬರುತ್ತದೆ ಅಂತಲಾ? ಮಳೆ ಬಿದ್ದು ಕರಿಬೇವು, ನಿಂಬೆ ಚಿಗುರಿದಾಗ ಅದರ ಮೇಲೆ ಹುಳು ಸಿಗುತ್ತದೆ. ಎಕ್ಕದ ಗಿಡದಲ್ಲಿ ಬೇರೆ ಜಾತಿಯದ್ದು ಸಿಗುತ್ತದೆ. ಎಲೆ ಸಮೇತ ತಂದು ಡಬ್ಬಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ ಇಟ್ಟರೆ ತಿಂಗಳೊಳಗೆ ಮಕ್ಕಳ ಕಣ್ಣೆದುರೇ ಚಿಟ್ಟೆ ಹೊರಗೆ ಬರುತ್ತದೆ. ಜೂನ್‌ನಿಂದ ಏಪ್ರಿಲ್‌ವರೆಗಿನ ಶಾಲೆಯ ವರ್ಷವನ್ನು ಮೊದಲು ಮಳೆ, ಬೆಳೆ, ಬಿಸಿಲಿನ ಪ್ರಕಾರ ಬರೆದುಕೊಳ್ಳಿ. ಘಟಕಗಳನ್ನು ಆಮೇಲೆ ಅದರೊಳಗೆ ಕೂರಿಸಿ.

ನನಗೆ ಜಾಸ್ತಿ ಆಶ್ಚರ್ಯ ತಂದ ವಿಷಯ ಇನ್ನೊಂದಿದೆ. ನಿಮ್ಮ ಶಾಲೆಯಲ್ಲಿ ಇಬ್ಬರೇ ಶಿಕ್ಷಕರು ಅಂತ ಪತ್ರದಲ್ಲಿ ಬರೆದಿದ್ದೀರಿ. ಯೋಜನೆಯಲ್ಲಿ ಮಾತ್ರ ಐದು ತರಗತಿಗೆ ಐದು ಕೋಣೆ, ಐದು ಪಾಠ. ಇದನ್ನು ನೀವೇ ನಡೆಸಲಾರಿರಿ, ಅಲ್ವಾ? ಸರ್ಕಾರಿ ಶಾಲೆಗಳ ನಲಿ-ಕಲಿ ಕಾರ್ಯಕ್ರಮದಲ್ಲಿ ಒಂದರಿಂದ ಮೂರು ಒಟ್ಟಿಗೆ ಕೂತು ಕಲಿಯುವುದನ್ನು ನೀವು ದಿನಾ ನೋಡುತ್ತೀರಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದು ಶುರುವಾದದ್ದೇ ಇಂಥ ಶಾಲೆಗಳ ನಿಜ ಸ್ಥಿತಿ ನೋಡಿ. ನಾಲ್ಕು ಮತ್ತು ಐದು ಒಟ್ಟಿಗೆ ಇರುವಲ್ಲಿ ಎರಡು ವರ್ಷದ ಸರದಿ ಮಾಡಿ. ಈ ವರ್ಷ ಎರಡೂ ತರಗತಿಗೆ ನೆರಳು ಮತ್ತು ಆಹಾರ, ಮುಂದಿನ ವರ್ಷ ನೀರು ಮತ್ತು ವಸ್ತುಗಳು. ಎರಡು ವರ್ಷದಲ್ಲಿ ಪ್ರತಿ ಮಗುವಿಗೂ ಎಲ್ಲವೂ ಸಿಗುತ್ತದೆ, ಕ್ರಮ ಮಾತ್ರ ಹಿಂದೆ ಮುಂದೆ. ಹಾಗೆ ಮಾಡುವಾಗ ಒಂದು ವರ್ಷದ ಘಟಕ ಇನ್ನೊಂದು ವರ್ಷದ್ದನ್ನು ನಂಬಿಕೊಂಡಿರಬಾರದು. ನೆರಳಿನ ಅಳತೆ, ನಕ್ಷೆ ಎರಡೂ ಆ ಒಂದೇ ವರ್ಷದಲ್ಲಿ ಮುಗಿಯಬೇಕಾಗುತ್ತದೆ. ನಾಲ್ಕರವರು ಅಳೆಯಲಿ, ಐದರವರು ಕಾರಣ ಹುಡುಕಲಿ. ಈ ಜೋಡಣೆ ಕಷ್ಟದ ಕೆಲಸ, ಅದನ್ನು ಬಿಡಿಸಿ ತೋರಿಸಿದರೆ ಇಬ್ಬರು ಶಿಕ್ಷಕರ ಶಾಲೆಗಳಿಗೆ ಆ ಅಧ್ಯಾಯ ಒಂದೇ ಸಾಕು.

ಐದರವರೆಗೆ ವಿಜ್ಞಾನವನ್ನು ಪರಿಸರ ಅಧ್ಯಯನದಿಂದ ಬೇರೆ ಮಾಡಬೇಕು ಅನ್ನುವ ನಿಮ್ಮ ವಾದ ನನಗೆ ಒಪ್ಪಿಗೆಯಿಲ್ಲ. ‘ನೀರಿನ ಮೂಲಗಳು: ನದಿ, ಕೆರೆ, ಬಾವಿ, ಸಮುದ್ರ’ ಅಂತ ಬರೆದಿದ್ದೀರಿ. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಎಲ್ಲಿದೆ? ಸಾವಿರ ಅಡಿ ದಾಟಿದ ಕೊಳವೆಬಾವಿ, ಫ್ಲೋರೈಡ್, ಶುದ್ಧ ನೀರಿನ ಘಟಕದ ಮುಂದಿನ ಬಿಂದಿಗೆ ಸಾಲು, 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನಿಂದ ಸಂಸ್ಕರಿಸಿ ಕೆರೆಗಳಿಗೆ ಬರುತ್ತಿರುವ ನೀರು. ಇದರಲ್ಲಿ ಎಲ್ಲಿ ವಿಜ್ಞಾನ ಮುಗಿಯಿತು, ಎಲ್ಲಿ ಸಮಾಜ ಶುರುವಾಯಿತು ಅಂತ ಗೆರೆ ಎಳೆಯಲು ಹೋಗಬೇಡಿ. ಆರನೇ ತರಗತಿಯಲ್ಲಿ ಹೇಗೂ ಬೇರೆಯಾಗುತ್ತದೆ.

82ನೇ ಪುಟದಲ್ಲಿ ತಿದ್ದಬೇಕಾದ ಒಂದು ತಪ್ಪಿದೆ. ಹೊಶಂಗಾಬಾದ್ ವಿಜ್ಞಾನ ಕಾರ್ಯಕ್ರಮವನ್ನು ಕಿರಿಯ ಪ್ರಾಥಮಿಕ ಶಾಲೆಗಳದ್ದು, ಈಗಲೂ ನಡೆಯುತ್ತಿದೆ ಎಂದು ಬರೆದಿದ್ದೀರಿ. 1972ರಲ್ಲಿ ಮಧ್ಯಪ್ರದೇಶದ 16 ಶಾಲೆಗಳಲ್ಲಿ ಅದು ಶುರುವಾಯಿತು, ಆರರಿಂದ ಎಂಟನೇ ತರಗತಿಗೆ. ಒಂದರಿಂದ ಐದಕ್ಕೆ ಏಕಲವ್ಯ ಸಂಸ್ಥೆಯವರು ಪ್ರಾಶಿಕಾ ಅನ್ನುವ ಬೇರೆ ಕಾರ್ಯಕ್ರಮ ರೂಪಿಸಿದ್ದರು. ಹೊಶಂಗಾಬಾದ್ ಪ್ರಯೋಗವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಅದರಲ್ಲಿ ನಿಮಗೆ ಬೇಕಾದದ್ದು ಬೇರೆಯೇ ಇದೆ. ಅವರು ಪರೀಕ್ಷೆಯನ್ನೂ ಬದಲಾಯಿಸಿದರು: ಪುಸ್ತಕ ನೋಡಿ ಬರೆಯುವುದು, ಕೈಯಾರೆ ಪ್ರಯೋಗ ಮಾಡಿ ತೋರಿಸುವುದು. ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ಏನು ಕೆಟ್ಟಿತು ಅಂತ ಮಾತಾಡುತ್ತಿದ್ದರು. ನಿಮ್ಮ ಯೋಜನೆಯ ಕೊನೆಗೆ ಇರುವ ಪ್ರಶ್ನೆಪತ್ರಿಕೆಗಳಲ್ಲಿ ಬಿಟ್ಟ ಸ್ಥಳ, ಹೊಂದಿಸಿ ಬರೆಯಿರಿ ಇಷ್ಟೇ ಇವೆ. ನೆರಳು ಅಳೆದ ಮಗುವಿಗೆ ಅಳತೆಯ ಪಟ್ಟಿಯೊಂದನ್ನು ಕೊಟ್ಟು, ‘ಇದು ಯಾವ ತಿಂಗಳಿನದು, ಹೇಗೆ ಹೇಳ್ತೀಯ?’ ಅಂತ ಕೇಳಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ವಿದ್ಯಾರ್ಥಿಗಳಲ್ಲಿ ಅವಲೋಕನ ಸಾಮರ್ಥ್ಯದ ಸಂವರ್ಧನೆಯಾಗುವುದು’ ಅನ್ನುವಂಥ ಕಡೆಯೆಲ್ಲ ಗೆರೆ ಹಾಕಿದ್ದೇನೆ. 61ನೇ ಪುಟದಲ್ಲಿ ನೀವು ಬರೆದ ಕನ್ನಡದಲ್ಲೇ ಉಳಿದದ್ದನ್ನೂ ಬರೆಯಿರಿ.

96 ಪುಟ ಮತ್ತೆ ಬರೆಯಿರಿ ಅಂತ ನಾನು ಕೇಳುತ್ತಿಲ್ಲ. ಮೊದಲು ನೆರಳಿನ ಐದು ವರ್ಷವನ್ನು ಮಾತ್ರ 20 ಪುಟದಲ್ಲಿ ಬರೆದು ಕಳಿಸಿ. ಮಕ್ಕಳ ಮಾತು, ಕೆಟ್ಟುಹೋದ ಪ್ರಯೋಗ, ಮೋಡ ಕವಿದು ಅಳೆಯಲಾಗದ ದಿನ ಎಲ್ಲ ಇರಲಿ. ಈ ವರ್ಷದ ಆಗಸ್ಟ್ 18 ಇನ್ನೂ ಮುಂದಿದೆ. ಅವತ್ತು ಮಕ್ಕಳ ಜೊತೆ ಅಂಗಳದಲ್ಲಿ ನಿಂತು ನೋಡಿ, ಆಮೇಲೆ ಬರೆದರೂ ಆಗುತ್ತದೆ. ದೀಪಾವಳಿಯೊಳಗೆ ಬಂದರೆ ಸಾಕು. ಕಂಬ ವಾಲಿದೆ ಅಂದ ಆ ಹುಡುಗ ಈಗ ನಾಲ್ಕನೆಯಲ್ಲಿರಬೇಕು. ಕೋಲು ನೆಡುವ ಕೆಲಸ ಅವನಿಗೇ ಕೊಡಿ, ಅವನು ಏನು ಹೇಳಿದ ಅಂತ ನನಗೂ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ