ಗ್ರಂಥಾಲಯದ ಹಾಜರಿ ರಿಜಿಸ್ಟರ್ ಬಿಟ್ಟು ಸ್ಕ್ಯಾನರ್‌ಗೆ ಹೋಗುವುದು ಹೇಗೆ?

ಪದವಿ ಕಾಲೇಜಿನ ಗ್ರಂಥಾಲಯ, ದಿನಕ್ಕೆ ಸುಮಾರು 250 ಮಂದಿ, ಗ್ರಂಥಾಲಯ ನಿರ್ವಹಿಸುವ ಮುಕ್ತ ತಂತ್ರಾಂಶ ಕೋಹಾ ಈಗಾಗಲೇ ಇದೆ, ಕೈಯಲ್ಲಿ ದುಡ್ಡು ಕಡಿಮೆ ಅಂದಿದ್ದೀರಿ. ಇಷ್ಟಿದ್ದರೆ ಸಾಕು.

ತಂತ್ರಾಂಶದ ಚಿಂತೆ ಆಮೇಲೆ. ಮೊದಲು ಐಡಿ ಕಾರ್ಡಿನ ಬಾರ್‌ಕೋಡ್ ಮತ್ತು ಕೋಹಾದಲ್ಲಿರುವ ಕಾರ್ಡ್ ನಂಬರ್ ಒಂದಕ್ಷರವೂ ಬಿಡದೆ ಹೊಂದುತ್ತವೆಯೇ ನೋಡಿ. ಸದಸ್ಯರ ಪಟ್ಟಿಯನ್ನು ಸುಮ್ಮನೆ ಎಕ್ಸೆಲ್‌ನಲ್ಲಿ ತೆರೆದು ಉಳಿಸಿ ಕೋಹಾಕ್ಕೆ ಹಾಕಿದರೆ 00457 ಹೋಗಿ 457 ಆಗುತ್ತದೆ, ಆಮೇಲೆ ಆ ನಂಬರಿನ ಹುಡುಗ ಎಷ್ಟು ಸಲ ಕಾರ್ಡ್ ಹಿಡಿದರೂ 'ಸದಸ್ಯರಲ್ಲ' ಎಂದೇ ಬರುತ್ತದೆ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ.

ಸ್ಕ್ಯಾನರ್ ಕೊಳ್ಳುವಾಗ ಲೇಸರ್ ಬೇಡ, ಕ್ಯಾಮೆರಾದಂತೆ ಕೋಡಿನ ಚಿತ್ರ ತೆಗೆದು ಓದುವ 2ಡಿ ಇಮೇಜರ್ ತಗೊಳ್ಳಿ. ಲೇಸರ್ ಸಾಮಾನ್ಯವಾಗಿ ಮೊಬೈಲ್ ಪರದೆಯ ಕೋಡ್ ಓದುವುದಿಲ್ಲ. ಸ್ಕ್ಯಾನರ್ ಕಂಪ್ಯೂಟರಿಗೆ ಕೀಬೋರ್ಡ್ ಇದ್ದ ಹಾಗೆ: ನಂಬರ್ ಟೈಪ್ ಮಾಡಿ ಎಂಟರ್ ಒತ್ತುತ್ತದೆ, ಅಷ್ಟೇ. ಹಾಗಾಗಿ ಕರ್ಸರ್ ಹಾಜರಿ ಪುಟದ ನಂಬರ್ ಪೆಟ್ಟಿಗೆಯಿಂದ ಆಚೆ ಹೋದರೆ ಬೀಪ್ ಸದ್ದು ಬರುತ್ತದೆ, ದಾಖಲೆ ಬೀಳುವುದಿಲ್ಲ. ಆ ಪುಟವನ್ನು ಕಿಯೋಸ್ಕ್ ಮೋಡ್‌ನಲ್ಲಿ (ಬೇರೇನೂ ಕಾಣದಂತೆ ಪರದೆ ತುಂಬಾ) ತೆರೆದು, ಕರ್ಸರ್ ತಾನಾಗಿ ವಾಪಸ್ ಬರುವಂತೆ ಮಾಡಿಸಿ. ಕ್ಯಾಪ್ಸ್ ಲಾಕ್ ಆನ್ ಆಗಿದ್ದರೆ ದೊಡ್ಡಕ್ಷರ ಚಿಕ್ಕದಾಗಿ, ಚಿಕ್ಕಕ್ಷರ ದೊಡ್ಡದಾಗಿ ಬೀಳುತ್ತವೆ, ಅದನ್ನೂ ನೋಡಿಕೊಳ್ಳಿ. ಲ್ಯಾಮಿನೇಟ್ ಮಾಡಿದ ಕಾರ್ಡಿನ ಮೇಲೆ ಟ್ಯೂಬ್‌ಲೈಟ್ ಬಿದ್ದು ಗೆರೆಗಳ ನಡುವೆ ಬಿಳಿ ಪಟ್ಟಿ ಮಿಂಚಿದರೆ ಸ್ಕ್ಯಾನರ್ ಓದದೆ ಸುಮ್ಮನಿರುತ್ತದೆ. ಸ್ಟ್ಯಾಂಡ್ ಅನ್ನು ಸ್ವಲ್ಪ ಓರೆ ಮಾಡಿದರೆ ಸರಿಹೋಗುತ್ತದೆ.

ಕೋಹಾದ ಸದಸ್ಯರ ಕೋಷ್ಟಕವನ್ನೇ ಓದುವ ಇನ್-ಔಟ್ ಎಂಬ ಮುಕ್ತ ತಂತ್ರಾಂಶ ಇದೆ. ನೀವೇ ಬರೆಸುವುದಾದರೂ ದೊಡ್ಡ ಕೆಲಸವಲ್ಲ: ಈ ನಂಬರಿಗೆ ಇವತ್ತು ಮುಚ್ಚದ ಸಾಲು (ಹೋದ ಸಮಯ ಬೀಳದ ದಾಖಲೆ) ಇದ್ದರೆ ಹೊರಗೆ, ಇಲ್ಲದಿದ್ದರೆ ಒಳಗೆ ಎಂದು ಬರೆದುಕೊಳ್ಳಬೇಕು. ಸದಸ್ಯರ ಕೋಷ್ಟಕಕ್ಕೆ ಓದುವ ಅನುಮತಿ ಮಾತ್ರ ಕೊಡಿ. 30 ಸೆಕೆಂಡಿನೊಳಗೆ ಅದೇ ಕಾರ್ಡ್ ಮತ್ತೆ ಬಂದರೆ ಲೆಕ್ಕಕ್ಕೆ ತಗೊಳ್ಳಬಾರದು, ಇಲ್ಲದಿದ್ದರೆ ಬೀಪ್ ಕೇಳಿಸದೆ ಎರಡು ಸಲ ಹಿಡಿದವರು ಬಂದ ಹಾಗೇ ಹೊರಗೆ ಹೋದಂತೆ ದಾಖಲಾಗುತ್ತದೆ. ಸಮಯ ಸರ್ವರ್‌ನದೇ ಇರಲಿ. ಬಾಗಿಲ ಬಳಿಯ ಹಳೆ ಕಂಪ್ಯೂಟರಿನ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಸತ್ತರೆ ತಾರೀಖು ಎಲ್ಲೋ ಹೋಗಿರುತ್ತದೆ.

ನಿಜವಾದ ತಲೆನೋವು ಹೊರಹೋಗುವ ಸ್ಕ್ಯಾನ್. ರಿಜಿಸ್ಟರಿನಲ್ಲಿ 'ಹೋದ ಸಮಯ' ಖಾಲಿ ಬಿಡುತ್ತಿದ್ದವರು ಇಲ್ಲಿಯೂ ಬಿಡುತ್ತಾರೆ. ಮುಚ್ಚದೆ ಉಳಿದ ಸಾಲುಗಳನ್ನು ರಾತ್ರಿ ತಾನಾಗಿ ಮುಚ್ಚಿಸಿ, ಆದರೆ 'ತಾನಾಗಿ ಮುಚ್ಚಿದ್ದು' ಎಂಬ ಗುರುತು ಹಾಕಿ. ಸರಾಸರಿ ಅವಧಿ ಲೆಕ್ಕ ಹಾಕುವಾಗ ಅವನ್ನು ಬಿಡದಿದ್ದರೆ, ಹತ್ತು ನಿಮಿಷ ಪೇಪರ್ ಓದಿ ಹೋದವರೂ ಇಡೀ ದಿನ ಕೂತಂತೆ ತೋರುತ್ತದೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ಕೇಳುವುದು ದಿನಕ್ಕೆ ಎಷ್ಟು ಮಂದಿ ಬಳಸಿದರು ಎಂಬ ಲೆಕ್ಕ. ಅದಕ್ಕೆ ಒಳಬಂದ ಸಂಖ್ಯೆ ಸಾಕು. ಓದುಗರ ಬೆನ್ನುಹತ್ತಿ ಹೊರಗಿನ ಸ್ಕ್ಯಾನ್ ಮಾಡಿಸುವುದು ನನಗೆ ಸರಿಕಾಣುವುದಿಲ್ಲ. ಪರದೆಯಲ್ಲಿ ಹೆಸರು, ಫೋಟೊ ಕಂಡರೆ ಸಾಕು, ಹಿಂದೆ ನಿಂತವರಿಗೆ ಫೋನ್ ನಂಬರ್ ಕಾಣಬಾರದು.

ಬಾಗಿಲಿಗೆ ಗೂಗಲ್ ಫಾರ್ಮ್‌ನ ಕ್ಯೂಆರ್ ಅಂಟಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಅದರ ಫೋಟೊ ತೆಗೆದುಕೊಂಡವರು ಹಾಸ್ಟೆಲ್‌ನಲ್ಲಿ ಕೂತೇ ತುಂಬಬಹುದು, ಸಹಿಗಿಂತ ಹೊತ್ತೂ ಜಾಸ್ತಿ.

ಎರಡು ವಾರ ರಿಜಿಸ್ಟರ್, ಸ್ಕ್ಯಾನರ್ ಎರಡನ್ನೂ ನಡೆಸಿ ದಿನದಿನದ ಸಂಖ್ಯೆ ತಾಳೆ ನೋಡಿ. ಆಮೇಲೂ ರಿಜಿಸ್ಟರ್ ಮೇಜಿನ ಡ್ರಾಯರ್‌ನಲ್ಲೇ ಇರಲಿ: ಯುಪಿಎಸ್ ಕೈಕೊಟ್ಟಾಗ ಅದರಲ್ಲಿ ಬರೆಸಿ, ಕರೆಂಟ್ ಬಂದ ಮೇಲೆ 'ಕೈಬರಹದಿಂದ' ಎಂಬ ಗುರುತಿನೊಂದಿಗೆ ಅದೇ ಸಂಜೆ ಕಂಪ್ಯೂಟರಿಗೆ ಹಾಕಿ.